ಕುಸ್ವಾರ್ ಡಬ್ಬಿ

ಈಗಷ್ಟೇ ಮೇಲಿನ ಮನೆಯ ಮಂಗಳೂರು ಆಂಟಿ ಕ್ರಿಸ್‌ಮಸ್ ತಿಂಡಿ ಕುಸ್ವಾರ್ ಕೊಟ್ಟು ಹೋದರು. ಸ್ಟೀಲ್ ಡಬ್ಬಿ ತುಂಬ ನೆವ್ರಿ, ಕಿಡ್ಯೊ, ಮೇಲೊಂದು ತುಂಡು ಪ್ಲಮ್ ಕೇಕ್. "ಮೊದಲು ವಾಚ್‌ಮನ್‌ಗೆ, ಆಮೇಲೆ ಕಸ ತಗೊಳ್ಳೋ ಹೆಂಗಸಿಗೆ. ನಿಮ್ಮದು ಮೂರನೇದು ಮಾರಾಯ್ರೆ" ಅಂದರು. ಬೇಜಾರೇನೂ ಆಗಲಿಲ್ಲ, ಕೇಕ್ ಉಳಿದಿತ್ತಲ್ಲ!

ಆ ಹಂಚೋ ಸರದಿ ಕೇಳಿ ಯಾಕೋ ಪಂಡಿತಾ ರಮಾಬಾಯಿ ನೆನಪಾದರು. 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು. ಅಪ್ಪ ಅಮ್ಮ ಇಬ್ಬರೂ ಬರಗಾಲದಲ್ಲಿ ತೀರಿಹೋದರು. ರಮಾಬಾಯಿ 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು. 1896-97ರ ಬರದಲ್ಲಿ ಮಧ್ಯಪ್ರಾಂತ್ಯಕ್ಕೆ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಇಲ್ಲೇ ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಸಾಕಿದರು. ಆ ಆಶ್ರಮವೇ ಮುಕ್ತಿ ಮಿಷನ್, ಇವತ್ತಿಗೂ ಇದೆ. ಅವರ ಮತಾಂತರದ ಬಗ್ಗೆ ಆಗ ಪುಣೆಯಲ್ಲಿ ಎಷ್ಟು ಜಗಳ, ಎಷ್ಟು ಬರಹ! ನನಗಂತೂ ಆ ವಾದಗಳಿಗಿಂತ ಕೇಡಗಾಂವ್‌ನ ಅಡುಗೆಮನೆಯೇ ದೊಡ್ಡದಾಗಿ ಕಾಣುತ್ತೆ. ಹಸಿವು ಕಂಡವರು ಕೃತಜ್ಞತೆಯನ್ನ ತಟ್ಟೆಗೇ ಬಡಿಸ್ತಾರೇನೋ.

ಇರಲಿ. ಆಂಟಿಯ ಡಬ್ಬಿ ಖಾಲಿ ವಾಪಸ್ ಕಳಿಸೋ ಹಾಗಿಲ್ಲ. ಸಂಕ್ರಾಂತಿ ಎಳ್ಳುಬೆಲ್ಲದ ತನಕ ಇಟ್ಕೊಳ್ಳೋದೂ ಸರಿಯಲ್ಲ. ಕೋಡುಬಳೆನಾ, ಚಕ್ಕುಲಿನಾ? ಬೇಗ ಹೇಳ್ರಪ್ಪಾ, ಎಣ್ಣೆ ಕಾಯಕ್ಕಿಡ್ತೀನಿ.