ಮೇಸ್ತ್ರಿಗಿಂತ ಮೊದಲು ಅತ್ತೆ

ಹಳೆಯ ಮನೆಯ ದುರಸ್ತಿಗೆ ಕೈ ಹಾಕಿದ್ದೇವೆ ಎಂದರೆ ಸಾಕು, ಎದುರು ಸಿಕ್ಕವರು ಮೊದಲು ಕೇಳುವುದು ಖರ್ಚು. ‘ಅಷ್ಟು ದುಡ್ಡಲ್ಲಿ ಹೊಸದೇ ಎಬ್ಬಿಸಬಹುದಿತ್ತಲ್ಲ ಮಾರಾಯ್ರೆ’ ಎನ್ನುವುದು ಎರಡನೆಯ ಮಾತು. ಮೂರನೆಯದು, ‘ಆ ಕಂಬ ಕೊಡ್ತೀರಾ?’ ಮಲೆನಾಡಿನಲ್ಲಿ ಈಗ ಹಳೆಯ ಕಂಬ, ಕೆತ್ತನೆಯ ಬಾಗಿಲು, ಹಿತ್ತಾಳೆ ಚಿಲಕಗಳಿಗೆ ಗಿರಾಕಿಗಳು ಬಹಳ. ರೆಸಾರ್ಟುಗಳಿಗೂ ಪೇಟೆಯ ಹೋಟೆಲುಗಳಿಗೂ ಅವು ಲಾರಿ ಹತ್ತಿ ಹೋಗುತ್ತಿವೆ. ಆದರೆ ಈ ಮನೆಯಲ್ಲಿ ಯಾರು ಎಲ್ಲಿ ಮಲಗುತ್ತಿದ್ದರು ಎಂದು ಮಾತ್ರ ಯಾರೂ ಕೇಳುವುದಿಲ್ಲ. ದುರಸ್ತಿ ಆ ಪ್ರಶ್ನೆಯಿಂದಲೇ ಶುರುವಾಗಬೇಕು ಎಂಬುದು ನನ್ನ ಖಂಡಿತವಾದ ಅಭಿಪ್ರಾಯ.

ನಮ್ಮದು ತೀರ್ಥಹಳ್ಳಿ ಸೀಮೆಯ ತೊಟ್ಟಿ ಮನೆ. ನಡುವೆ ಒಳಂಗಳ, ಸುತ್ತ ಜಗಲಿ, ಮುಂದೆ ಚಾವಡಿ, ಹಿಂದೆ ಅಡುಗೆಮನೆ, ಅದರ ಬೆನ್ನಿಗೆ ಬಚ್ಚಲು, ಪಕ್ಕದಲ್ಲಿ ಕೊಟ್ಟಿಗೆ. ಮೇಲೆ ಮುಚ್ಚಿಗೆ, ಅದರ ಮೇಲೆ ಅಡಕೆ ಅಟ್ಟ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ನಮ್ಮೂರಲ್ಲಿ ಅಷ್ಟಿಲ್ಲ, ಆದರೂ ಆಷಾಢದಲ್ಲಿ ಒಗೆದ ಬಟ್ಟೆ ಒಣಗಬೇಕಾದರೆ ಬಚ್ಚಲೊಲೆಯ ಮೇಲೇ ಒಣಗಬೇಕು. ಇಂಥ ಊರಿನಲ್ಲಿ ಮನೆ ಎಂದರೆ ಮೊದಲು ಮಾಡು, ಆಮೇಲೆ ಗೋಡೆ. ಮಾಡು ಸರಿಯಿದ್ದರೆ ಮಣ್ಣಿನ ಗೋಡೆ ತಲೆಮಾರುಗಟ್ಟಲೆ ನಿಲ್ಲುತ್ತದೆ. ಒಂದು ಕಡೆ ಹೆಂಚು ಸರಿದು ನೀರು ಇಳಿಯಿತೋ, ಕೆಲವೇ ಮಳೆಗಾಲಗಳಲ್ಲಿ ಗೋಡೆ ತಾನಾಗಿ ಮಣ್ಣಿಗೆ ಮರಳುತ್ತದೆ. ಬಾಗಿಲು ಹಾಕಿಕೊಂಡು ಎಲ್ಲರೂ ಬೆಂಗಳೂರು ಸೇರಿದ ಎಷ್ಟೋ ಮನೆಗಳು ಹೀಗೆಯೇ ಹೋದವು.

ಹೆಂಚು ಇಳಿಸುವಾಗ ಅವುಗಳ ಬೆನ್ನು ನೋಡಿ. ನಮ್ಮ ಮಾಡಿನ ಒಂದು ಇಳಿಜಾರಿನಲ್ಲಿ ಬಾಸೆಲ್ ಮಿಶನ್ನಿನ ಹೆಸರು ಒತ್ತಿದ ಹೆಂಚುಗಳು ಸಿಕ್ಕವು. ಮಂಗಳೂರಿನಲ್ಲಿ ಆ ಮಿಶನ್ನಿನವರು ಹೆಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ನೇತ್ರಾವತಿ, ಗುರುಪುರ ಹೊಳೆಗಳ ಜೇಡಿಮಣ್ಣು ಹೆಂಚಿಗೆ ಹೇಳಿ ಮಾಡಿಸಿದಂತಿತ್ತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಆ ಕಾರ್ಖಾನೆಗಳನ್ನು ಮಿಶನ್ನಿನ ಕೈಯಿಂದ ಕಿತ್ತುಕೊಂಡಿತು. ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟಿಗೆ ಸೇರಿದವು, ಹೆಂಚಿನ ಮೇಲಿನ ಹೆಸರೂ ಬದಲಾಯಿತು. ಅಂದರೆ ಮಿಶನ್ನಿನ ಹೆಸರಿರುವ ಹೆಂಚು ಆ ಯುದ್ಧಕ್ಕೆ ಹಿಂದಿನದು ಎಂದು ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದು. ನಮ್ಮ ಮನೆಗೆ ಯಾವ ಕಾಗದಪತ್ರವೂ ಇರಲಿಲ್ಲ. ಹೆಂಚೇ ಮೊದಲ ದಾಖಲೆಯಾಯಿತು.

ಆದರೆ ಹೆಂಚು ಹೇಳುವುದು ಅರ್ಧ ಮಾತ್ರ. ಉಳಿದ ಅರ್ಧ ಹೇಳಿದವರು ಸೋದರತ್ತೆ. ಅವರು ಹುಟ್ಟುವ ಹೊತ್ತಿಗೂ ಈ ಮನೆಯ ಕೊಟ್ಟಿಗೆಗೆ ಸೋಗೆಯೇ ಇತ್ತಂತೆ. ಪ್ರತಿ ಬೇಸಿಗೆ ಹಳೆ ಸೋಗೆ ಇಳಿಸಿ ಹೊಸದು ಹೊದಿಸಬೇಕು. ಹೆಂಚು ಮೊದಲು ಬಂದದ್ದು ಚಾವಡಿಗೆ ಎಂದು ನಾವೆಲ್ಲ ತಿಳಿದಿದ್ದೆವು. ಯಜಮಾನರು ಕೂರುವ ಜಾಗ, ನಾಲ್ಕು ಜನ ನೋಡುವ ಜಾಗ. ಅತ್ತೆ ಒಪ್ಪಲಿಲ್ಲ. ‘ಚಾವಡಿ ಅಲ್ದ, ಅಡುಗೆಮನೆ ಮತ್ತೆ ಬಚ್ಚಲು. ಬೆಂಕಿ ಇರೋದು ಅಲ್ಲಿ ಅಲ್ದನಾ? ಒಂದ್ಸಲ ಕಿಡಿ ಹಾರಿ ಅರ್ಧ ಸೋಗೆ ಸುಟ್ಟಿತ್ತಂತೆ, ಅಜ್ಜಿ ಹಟ ಹಿಡಿದು ಹೆಂಚು ಹಾಕ್ಸಿದ್ದು.’ ಮಿಶನ್ನಿನ ಹೆಂಚು ಇದ್ದದ್ದು ನಿಜಕ್ಕೂ ಅಡುಗೆಮನೆಯ ಮೇಲೆ. ಚಾವಡಿಯ ಹೆಂಚುಗಳದು ಬೇರೆ ಕಾರ್ಖಾನೆ, ಬೇರೆ ಕಾಲ. ನಮ್ಮ ಮನೆಯ ಮೊದಲ ಹೆಂಚಿನ ಹಿಂದೆ ಒಬ್ಬ ಹೆಂಗಸಿನ ಹಟವಿತ್ತೆಂಬುದು ನನಗೆ ಹೆಮ್ಮೆಯ ಸಂಗತಿ.

ಅಡುಗೆಮನೆಯ ಮಾತು ಬಂತಲ್ಲ, ಅಲ್ಲಿನ ಒಂದು ಕಿಟಕಿಯ ವಿಷಯ ಹೇಳಲೇಬೇಕು. ಒಲೆಯ ಪಕ್ಕದ ಗೋಡೆಯಲ್ಲಿ, ನೆಲದಿಂದ ಒಂದೂವರೆ ಮೊಳ ಎತ್ತರದಲ್ಲಿ, ಅಂಗೈಯಗಲದ ಸಣ್ಣ ಕಿಂಡಿ. ನಿಂತವರಿಗೆ ಅದು ಕಾಣುವುದೇ ಇಲ್ಲ. ಮೇಸ್ತ್ರಿ ಅದನ್ನು ಮುಚ್ಚಿಬಿಡೋಣ ಎಂದರು. ಹೊಗೆ ಹೋಗಲು ಮೇಲೆ ಬೇರೆ ಗವಾಕ್ಷಿ ಇದೆ, ಬೆಳಕಿಗೆ ಇದು ಸಾಲದು, ಹಾವು ಚೇಳು ಬರಲು ದಾರಿ. ಅವರ ತರ್ಕ ಸರಿಯಾಗಿಯೇ ಇತ್ತು. ಊಟಕ್ಕೆ ಬಂದಿದ್ದ ಅತ್ತೆ ಮಂಡಿನೋವನ್ನೂ ಮರೆತು ಒಲೆಯ ಮುಂದೆ ಕೂತರು. ‘ಇಲ್ಲಿ ಕೂತ್ಕೊಂಡು ನೋಡು’ ಎಂದರು. ಕೂತು ನೋಡಿದರೆ ಆ ಕಿಂಡಿಯಲ್ಲಿ ತೋಟದಾಚೆಯ ಏರು, ಅದರ ಮೇಲಿನ ದಣಪೆ, ದಣಪೆ ದಾಟಿ ಇಳಿದು ಬರುವ ಕಾಲುದಾರಿ ಪೂರ್ತಿ ಕಾಣುತ್ತದೆ. ದಾರಿಯಲ್ಲಿ ಯಾರು ಬರುತ್ತಿದ್ದಾರೆ, ಎಷ್ಟು ಜನ ಎಂದು ಒಲೆಯ ಮುಂದೆ ಕೂತೇ ನೋಡಿಕೊಂಡು, ಅವರು ಅಂಗಳ ತಲುಪುವಷ್ಟರಲ್ಲಿ ಇನ್ನೊಂದು ಸಿದ್ದೆ ಅಕ್ಕಿ ತೊಳೆದು ಹಾಕುತ್ತಿದ್ದರಂತೆ. ಬಸ್ಸಿಲ್ಲದ, ಫೋನಿಲ್ಲದ ಕಾಲದಲ್ಲಿ ನೆಂಟರು ಬರುವ ಸುದ್ದಿ ಮೊದಲು ತಲುಪುತ್ತಿದ್ದದ್ದು ಆ ಕಿಂಡಿಗೆ. ಈ ಮನೆಯಲ್ಲಿ ಹುಟ್ಟಿ ಬೆಳೆದ ಗಂಡಸರು ಎಷ್ಟೋ ಮಂದಿ. ಒಬ್ಬರಿಗೂ ಈ ವಿಷಯ ಗೊತ್ತಿರಲಿಲ್ಲ, ಯಾಕೆಂದರೆ ಯಾರೂ ಆ ಜಾಗದಲ್ಲಿ ಕೂತವರಲ್ಲ. ಕಿಂಡಿ ಉಳಿಯಿತು. ಒಲೆ ಈಗ ಗ್ಯಾಸಿನದು, ನಿಂತು ಮಾಡುವ ಅಡುಗೆ. ಆದರೂ ಅದನ್ನು ಉಳಿಸಿದ್ದು ಸರಿ.

ಗೋಡೆಗಳ ಕಥೆ ಸ್ವಲ್ಪ ಬೇಸರದ್ದು. ನಡುವೆ ಒಂದು ಕಾಲದಲ್ಲಿ ಗಟ್ಟಿಯಾಗಲಿ ಎಂದು ಕೆಮ್ಮಣ್ಣಿನ ಗೋಡೆಗಳಿಗೆ ಸೊಂಟದೆತ್ತರಕ್ಕೆ ಸಿಮೆಂಟು ಬಳಿದಿದ್ದರು. ಊರಿನಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ಮಣ್ಣಿನ ಗೋಡೆ ಮಳೆಗಾಲದಲ್ಲಿ ತೇವ ಹೀರಿ, ಬಿಸಿಲು ಬಂದ ಮೇಲೆ ಅದನ್ನು ಹೊರಗೆ ಬಿಡುತ್ತದೆ. ಸಿಮೆಂಟು ಆ ದಾರಿಯನ್ನು ಮುಚ್ಚುತ್ತದೆ. ಒಳಗೇ ಸಿಕ್ಕಿಕೊಂಡ ತೇವ ಮೇಲಕ್ಕೆ ಏರುತ್ತದೆ, ಸಿಮೆಂಟಿನ ಹಿಂದೆ ಮಣ್ಣು ಪುಡಿಯಾಗುತ್ತದೆ, ಒಂದು ದಿನ ಹಪ್ಪಳದ ಹಾಗೆ ಸಿಮೆಂಟು ಕಳಚಿ ಬೀಳುತ್ತದೆ. ನಾವು ಅದನ್ನು ಪೂರ್ತಿ ಕೆತ್ತಿಸಿ ಸುಣ್ಣದ ಗಾರೆ ಮಾಡಿಸಿದೆವು. ಸುಣ್ಣ ನೀರಿನಲ್ಲಿ ಚೆನ್ನಾಗಿ ಕೊಳೆಯಬೇಕು, ಮರಳಿನ ಜೊತೆ ಅರೆಯಬೇಕು, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಬೆರೆಸಬೇಕು. ಆತುರದ ಕೆಲಸವಲ್ಲ. ಆ ಕೆಲಸ ಬಲ್ಲ ಗಾರೆಯವರೂ ಈಗ ಹುಡುಕಿದರೆ ಸಿಗುವುದು ಅಲ್ಲೊಬ್ಬರು ಇಲ್ಲೊಬ್ಬರು. ಗೆದ್ದಲಿಗೆ ಮಾತ್ರ ಹಳೆಯ ಉಪಾಯವೇ ಸಾಕಾಯಿತು: ಪಕಾಸಿ, ರೀಪುಗಳಿಗೆಲ್ಲ ಗೇರೆಣ್ಣೆ. ಹಚ್ಚುವಾಗ ಕೈಗೆ ತಾಗಿದರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ, ಜೋಪಾನ. ಹಲಸಿನ ಕಂಬಗಳಿಗೆ ಏನೂ ಆಗಿರಲಿಲ್ಲ.

ನೆಲದ ಬಗ್ಗೆ ಕೇಳಿದರೆ ಚಿಕ್ಕಮ್ಮಂದಿರು ಮೂವರೂ ಒಟ್ಟಿಗೇ ಮಾತಾಡುತ್ತಾರೆ. ಸಗಣಿಗೆ ಇದ್ದಿಲ ಪುಡಿ ಬೆರೆಸಿ ಸಾರಿಸುವುದು ಹಿಂದಿನ ರೂಢಿ. ಟಾರ್ಚು, ರೇಡಿಯೋ ಬಂದ ಮೇಲೆ ಮುಗಿದ ಬ್ಯಾಟರಿ ಸೆಲ್ಲು ಒಡೆದು ಒಳಗಿನ ಕರಿ ತೆಗೆದು ಕಲಸುತ್ತಿದ್ದರು. ನೆಲ ಮಿರಮಿರ ಹೊಳೆಯುತ್ತಿತ್ತಂತೆ. ದೊಡ್ಡಪ್ಪಯ್ಯನ ರೇಡಿಯೋದ ಸೆಲ್ಲು ಯಾವಾಗ ಮುಗಿಯುತ್ತದೆ ಎಂದು ಹೆಣ್ಣುಮಕ್ಕಳು ಕಾಯುವುದು, ಭದ್ರಾವತಿ ಕೇಂದ್ರದ ವಾರ್ತೆ ಕ್ಷೀಣವಾಗುತ್ತಾ ಬಂದಷ್ಟೂ ಇವರಿಗೆ ಖುಷಿ. ಹಬ್ಬದ ಮುಂಚೆ ಸೆಲ್ಲಿಗಾಗಿ ಅಕ್ಕಪಕ್ಕದ ಮನೆಗಳಿಗೂ ಹೋಗಿ ಕೇಳಿ ತರುತ್ತಿದ್ದರಂತೆ. ಆ ನೆಲವನ್ನು ನಾವು ಮತ್ತೆ ಮಾಡಿಸಲಿಲ್ಲ. ದಿನಾ ಬಗ್ಗಿ ಸಾರಿಸಿದವರ ಸೊಂಟಗಳನ್ನು ನಾನು ಕಂಡಿದ್ದೇನೆ. ಕಾವಿ ನೆಲ ಹಾಕಿಸಿದೆವು. ಹೊಸ್ತಿಲುಗಳ ಎತ್ತರವನ್ನೂ ಎರಡು ಕಡೆ ತಗ್ಗಿಸಿದೆವು, ಒಳಗೇ ಶೌಚಾಲಯ ಮಾಡಿಸಿದೆವು. ಹಿರಿಯರು ನೆನಪು ಹೇಳಲು ಬರಬೇಕಾದರೆ ಮೊದಲು ಅವರಿಗೆ ಒಂದು ರಾತ್ರಿ ಉಳಿಯಲು ಆಗಬೇಕಲ್ಲ.

ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ನೋಡದವರು ಒಮ್ಮೆ ನೋಡಬೇಕು. ಬೀಳುವುದರಲ್ಲಿದ್ದ ಮನೆಗಳನ್ನು ತೊಲೆ ತೊಲೆಯಾಗಿ ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಅವರು ಅಷ್ಟು ಮಾಡಿರದಿದ್ದರೆ ಆ ಮರಗೆಲಸವೆಲ್ಲ ಸೌದೆಯಾಗುತ್ತಿತ್ತು. ನಮ್ಮ ತಾಲ್ಲೂಕಿನ ಕುಪ್ಪಳಿಯಲ್ಲಿ ಕುವೆಂಪು ಬೆಳೆದ ಮನೆಯನ್ನು ಪ್ರತಿಷ್ಠಾನದವರು ಕಾಪಾಡಿಕೊಂಡು ಬಂದಿದ್ದಾರೆ. ನಾನು ಅಲ್ಲಿಗೆ ಹೋದಾಗಲೆಲ್ಲ ಗಮನಿಸುವುದು ಬಂದವರ ಮಾತನ್ನು. ಒಬ್ಬರಾದರೂ ‘ನಮ್ಮಜ್ಜನ ಮನೆಯೂ ಹೀಗೇ ಇತ್ತು’ ಎನ್ನದೆ ಹೊರಗೆ ಬರುವುದಿಲ್ಲ. ‘ಇತ್ತು’ ಎನ್ನುವವರೇ ಹೆಚ್ಚು, ‘ಇದೆ’ ಎನ್ನುವವರು ಕಡಿಮೆ.

ಇನ್ನು ಮಲಗುವ ಪ್ರಶ್ನೆ. ‘ನಿಮಗೆ ಈ ಮನೆಯ ಬಗ್ಗೆ ಏನು ನೆನಪಿದೆ’ ಎಂದು ಕೇಳಿದರೆ ಯಾರೂ ಏನೂ ಹೇಳುವುದಿಲ್ಲ. ‘ಎಂತ ನೆನಪು, ಎಲ್ಲ ಮರ್ತೋಗಿದೆ’ ಅನ್ನುತ್ತಾರೆ. ಯಾರು ಎಲ್ಲಿ ಮಲಗುತ್ತಿದ್ದರು ಎಂದು ಕೇಳಿ, ಬಾಯಿ ತೆರೆಯುತ್ತದೆ. ಚಾವಡಿಯಲ್ಲಿ ಅಜ್ಜಯ್ಯ ಮತ್ತು ಬಂದ ಗಂಡಸರು. ಜಗಲಿಯಲ್ಲಿ ಸಾಲಾಗಿ ಹುಡುಗರು. ಅಡಕೆ ಸುಲಿಯುವ ಕಾಲದಲ್ಲಿ ಅಟ್ಟದಲ್ಲಿ ಯಾರೂ ಇಲ್ಲ. ಬಾಣಂತಿ ಕೋಣೆಯಲ್ಲಿ ವರ್ಷಕ್ಕೊಬ್ಬರು. ಹೀಗೆ ಎಣಿಸುತ್ತಾ ಹೋಗುವಾಗ ಬಚ್ಚಲಿಗೆ ಹೋಗುವ ಕತ್ತಲೆಯ ಓಣಿಯ ಹತ್ತಿರ ಎಲ್ಲರೂ ಸ್ವಲ್ಪ ತಡೆದರು. ಅಲ್ಲಿ ಮಲಗುತ್ತಿದ್ದವರು ಅಜ್ಜಯ್ಯನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆಯಲ್ಲಿ ತವರಿಗೆ ಮರಳಿದವರು. ಮನೆಯ ಅಷ್ಟೂ ಮಕ್ಕಳಿಗೆ ಎಣ್ಣೆ ತಿಕ್ಕಿ ನೀರು ಹೊಯ್ದವರು ಅವರೇ. ಎಲ್ಲರೂ ಅವರನ್ನು ‘ಅತ್ತೆಯಮ್ಮ’ ಎಂದೇ ಕರೆಯುತ್ತಿದ್ದರು. ಹೆಸರೇನು ಎಂದು ಕೇಳಿದಾಗ ಅಷ್ಟು ಜನರಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು. ಬರೆದುಕೊಂಡೆ. ಆ ಓಣಿಯನ್ನು ನಾವು ಇದ್ದ ಹಾಗೆ ಉಳಿಸಲಿಲ್ಲ. ಗೋಡೆ ಒಡೆದು ದೊಡ್ಡ ಕಿಟಕಿ ಇಡಿಸಿದೆವು. ಹಳೆಯದನ್ನು ಉಳಿಸುವುದೆಂದರೆ ಕತ್ತಲೆಯನ್ನೂ ಉಳಿಸಬೇಕು ಎಂದು ನಾನು ಒಪ್ಪುವುದಿಲ್ಲ.

ದೇವರ ಕೋಣೆಯ ಬಾಗಿಲು ತನ್ನ ಗೋಡೆಗೆ ಸರಿಹೊಂದುವುದಿಲ್ಲ. ಚೌಕಟ್ಟು ಗಿಡ್ಡ, ಮೇಲೆ ಹಲಗೆ ಬಡಿದು ಸಂದು ಮುಚ್ಚಿದ್ದಾರೆ. ಇದು ಅಜ್ಜಿಯ ತವರಿನ ಬಾಗಿಲು. ಆ ಮನೆ ಈಗ ಶರಾವತಿಯ ನೀರಿನಡಿ ಇದೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಅದಕ್ಕೂ ಮೊದಲೇ ಊರು ಬಿಡಬೇಕಾದವರು ಹೆಂಚು, ತೊಲೆ, ಬಾಗಿಲು ಕಿತ್ತು ಸಾಗಿಸಿದರು. ಬೇಸಿಗೆಯಲ್ಲಿ ನೀರು ತೀರ ಇಳಿದಾಗ 1948ರ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣಿಸಿಕೊಳ್ಳುತ್ತದೆ, ಜನ ಹೋಗಿ ಫೋಟೋ ತೆಗೆದುಕೊಂಡು ಬರುತ್ತಾರೆ. ಅಜ್ಜಿಯ ತಮ್ಮ, ನಮ್ಮ ಮಾವಜ್ಜ, ಒಮ್ಮೆಯೂ ನೋಡಲು ಹೋಗಿಲ್ಲ. ನಮ್ಮಲ್ಲಿಗೆ ಬಂದಾಗ ಮಾತ್ರ ಆ ಚೌಕಟ್ಟಿಗೆ ಒಂದು ಸಲ ಕೈ ಸವರಿ ಒಳಗೆ ಹೋಗುತ್ತಾರೆ. ಆಚಾರಿ ಹೊಸ ಚೌಕಟ್ಟಿನ ಅಳತೆ ತೆಗೆದುಕೊಂಡಾಗಿತ್ತು. ಬೇಡ ಎಂದೆವು.

ನೆಂಟರ ನೆನಪಷ್ಟೇ ಸಾಲದು ಎಂದು ತಿಳಿದದ್ದು ಅಟ್ಟದ ಬಾಗಿಲಿನ ಸುಣ್ಣದ ಬೊಟ್ಟುಗಳಿಂದ. ಸಾಲು ಸಾಲಾಗಿ ಬೊಟ್ಟು, ನಡುವೆ ಗೆರೆ. ಹಾಲಿನ ಲೆಕ್ಕ ಎಂದರು ಚಿಕ್ಕಯ್ಯ. ಹಿಂದೆ ನಮ್ಮಲ್ಲಿ ಕೆಲಸಕ್ಕಿದ್ದ ಹಿರಿಯರೊಬ್ಬರು ಪಕ್ಕದ ಊರಿನಲ್ಲಿದ್ದಾರೆ. ಅವರ ತಂದೆ ನಮ್ಮ ಗದ್ದೆಯ ಗೇಣಿದಾರರು. 1974ರ ಭೂಸುಧಾರಣೆ ತಿದ್ದುಪಡಿಯಲ್ಲಿ ಅರ್ಜಿ ಹಾಕಿ ಆ ಗದ್ದೆಯನ್ನು ತಮ್ಮದಾಗಿಸಿಕೊಂಡರು. ಆಮೇಲೆ ಎಷ್ಟೋ ವರ್ಷ ಎರಡು ಮನೆಗೂ ಮಾತಿರಲಿಲ್ಲ. ನಾನು ಹೋಗಿ ಕರೆದಾಗ ಬಂದರು. ಬೊಟ್ಟು ನೋಡಿದವರೇ, ‘ಹಾಲಲ್ಲ ಅಯ್ಯಾ, ಆಳಿನ ಲೆಕ್ಕ. ಗೆರೆ ಎಳ್ದಲ್ಲಿವರೆಗೆ ಭತ್ತ ಕೊಟ್ಟಾಗಿದೆ. ಇದು ಕೊಟ್ಟಿಲ್ಲ’ ಎಂದರು. ಚಿಕ್ಕಯ್ಯ ಈಗಲೂ ಹಾಲು ಎನ್ನುತ್ತಾರೆ. ಎರಡನ್ನೂ ಬರೆದಿಟ್ಟಿದ್ದೇನೆ, ಬಾಗಿಲಿಗೆ ಬಣ್ಣ ಹೊಡೆಸಿಲ್ಲ.

ಅವರು ಇನ್ನೊಂದು ಮಾತು ಹೇಳಿದರು. ಪ್ರತಿವರ್ಷ ಮಳೆ ಹಿಡಿಯುವ ಮುಂಚೆ ನಮ್ಮ ಮಾಡಿಗೆ ಹತ್ತಿ ತರಗೆಲೆ ಗುಡಿಸಿ, ಒಡೆದ ಹೆಂಚು ಬದಲಿಸುತ್ತಿದ್ದವರು ಅವರೇ. ಯಾವ ಮೂಲೆಯಲ್ಲಿ ಸೋರುತ್ತದೆ, ಯಾವ ಪಕಾಸಿ ಬಲವಿಲ್ಲ, ಕಣ್ಣು ಮುಚ್ಚಿ ಹೇಳಬಲ್ಲರು. ‘ಮಾಡು ಗೊತ್ತು ಅಯ್ಯಾ. ಒಳಗೆ ಹ್ಯಾಂಗಿದೆ ನೋಡಿಲ್ಲ’ ಎಂದರು. ಇಡೀ ಮನೆಯನ್ನು ಮಳೆಯಿಂದ ಕಾದವರು ಜಗಲಿ ದಾಟಿ ಒಳಗೆ ಬಂದಿರಲಿಲ್ಲ; ಬರಲು ನಮ್ಮವರು ಬಿಟ್ಟಿರಲಿಲ್ಲ. ಅವತ್ತು ಒಳಗೆ ಬಂದರು. ಕೋಣೆ ಕೋಣೆ ನೋಡಿದರು. ನಡುಮನೆಯಲ್ಲಿ ಕೂತು ನಮ್ಮ ಜೊತೆ ಊಟ ಮಾಡಿದರು. ಈ ದುರಸ್ತಿಯಲ್ಲಿ ಬಹಳ ತಡವಾಗಿ ಆದ ಕೆಲಸ ಅದೇ.

ಇಷ್ಟೆಲ್ಲ ಹೇಳಿದ್ದು ನಿಮ್ಮಲ್ಲೂ ಒಂದು ಹಳೆಯ ಮನೆ ಇರಬಹುದು ಎಂದು. ದುರಸ್ತಿ ಮಾಡುವಿರೋ, ಪಾಲಾಗಿ ನಡು ಅಂಗಳದಲ್ಲಿ ಗೋಡೆ ಏಳುವುದೋ, ಮಾರುವಿರೋ, ಅದು ನಿಮ್ಮ ನಿಮ್ಮ ಕಷ್ಟಸುಖ. ಮೇಸ್ತ್ರಿಗೆ ಫೋನ್ ಮಾಡುವ ಮೊದಲು ಮನೆತನದಲ್ಲಿ ಉಳಿದಿರುವ ಹಿರಿಯ ಹೆಂಗಸಿಗೆ ಮಾಡಿ. ಕರೆದುಕೊಂಡು ಬಂದು, ಅವರು ಕೂರುತ್ತಿದ್ದ ಜಾಗದಲ್ಲೇ ಕೂರಿಸಿ, ಫೋನಿನ ರೆಕಾರ್ಡರ್ ಹಚ್ಚಿ, ಯಾರು ಎಲ್ಲಿ ಮಲಗುತ್ತಿದ್ದರು ಎಂದು ಕೇಳಿ. ಮಾಡಿಗೆ ಹತ್ತುತ್ತಿದ್ದವರು ಯಾರೆಂದು ವಿಚಾರಿಸಿ ಅವರನ್ನೂ ಕರೆಯಿರಿ, ಒಳಗೆ ಕರೆಯಿರಿ. ಮುಂದಿನ ಮಳೆಗಾಲಕ್ಕೆ ಬಿಡಬೇಡಿ. ಈ ಬೇಸಿಗೆಯಲ್ಲೇ ಮಾಡಿ.