ಹಿತ್ತಲ ಬಾಗಿಲಿನಿಂದ ಬಂದ ಉತ್ತರ

ಬಹಳ ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ. ಇವತ್ತು ಒಂದು ತಪ್ಪೊಪ್ಪಿಗೆ. ಸ್ವಲ್ಪ ಕಂಪ್ಯೂಟರ್ ಪುರಾಣ ಇದೆ, ಸಹಿಸಿಕೊಳ್ಳಿ :)

ಕಳೆದ ತಿಂಗಳು ಊರಾಚೆಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ತಾಪಮಾನ ಅಳೆಯುವ ಪೆಟ್ಟಿಗೆಗಳನ್ನು ಕೂರಿಸಿದ್ವಿ. ಆಫೀಸಿನಿಂದಲೇ ಅವನ್ನು ಮಾತಾಡಿಸೋ ಪ್ರೋಗ್ರಾಮ್ ಬರೆಯೋದು ನನ್ನ ಕೆಲಸ. ಯುಡಿಪಿಯಲ್ಲಿ ಪೆಟ್ಟಿಗೆಯ 5000ನೇ ಪೋರ್ಟಿಗೆ "ಎಷ್ಟು ಡಿಗ್ರಿ?" ಅಂತ ಒಂದು ಪ್ಯಾಕೆಟ್ ಕಳಿಸಿದರೆ ಅದು ಉತ್ತರ ಕೊಡಬೇಕು. ಕಳಿಸಿದೆ. ಹತ್ತು ಸಲ ಕಳಿಸಿದೆ. ಉಹುಂ!

ಅಲ್ಲಿದ್ದ ಹುಡುಗನಿಗೆ ಫೋನ್ ಮಾಡಿ "ಪೆಟ್ಟಿಗೆ ಸತ್ತಿದೆ, ಆಫ್ ಮಾಡಿ ಆನ್ ಮಾಡು" ಅಂದೆ. ರಾತ್ರಿ ಒಂಬತ್ತು ಗಂಟೆ. ಪಾಪ, ಆ ಚಳಿಯೊಳಗೆ ಏಣಿ ಹತ್ತಿ ಮೂರು ಸಲ ಮಾಡಿದ. "ಸಾರ್, ನೀವು ಕಳಿಸಿದಾಗೆಲ್ಲ ಲೈಟು ಮಿಣುಕ್ತಾ ಇದೆ ಸಾರ್" ಅಂದ. "ಅದೆಲ್ಲ ನಿನಗೆ ಗೊತ್ತಾಗಲ್ಲ, ಇನ್ನೊಂದು ಸಲ ಮಾಡು" ಅಂದುಬಿಟ್ಟೆ.

ಅವನು ಮನೆಗೆ ಹೋದ ಮೇಲೆ ವೈರ್‌ಶಾರ್ಕ್ ತೆರೆದು ನೋಡಿದರೆ... ಪ್ರತಿ ಪ್ರಶ್ನೆಗೂ ಉತ್ತರ ಬಂದಿದೆ! ಆದರೆ 5000ದಿಂದಲ್ಲ, ಬೇರೆ ಯಾವುದೋ ಪೋರ್ಟಿನಿಂದ. ಮುಂಬಾಗಿಲು ತಟ್ಟಿದರೆ ಹಿತ್ತಲಿಂದ ಓಗೊಟ್ಟ ಹಾಗೆ. ಅದಕ್ಕಿಂತ ನಾಚಿಕೆಯ ಸಂಗತಿ, ಹಾಗೆ ಬಂದ ಉತ್ತರಕ್ಕೆಲ್ಲ ನನ್ನ ಲ್ಯಾಪ್‌ಟಾಪೇ "ಈ ಪೋರ್ಟಿನಲ್ಲಿ ಯಾರೂ ಇಲ್ಲ" ಅಂತ ಐಸಿಎಂಪಿ ವಾಪಸ್ ಕಳಿಸ್ತಾ ಇತ್ತು.

ಕಾರಣ ನಾನೇ. ಯುಡಿಪಿ ಸಾಕೆಟ್ ಮೇಲೆ ಕನೆಕ್ಟ್ ಕರೆದಿದ್ದೆ. ಯುಡಿಪಿಯಲ್ಲಿ ಅದು ಯಾವ ಸಂಪರ್ಕವನ್ನೂ ಕಟ್ಟುವುದಿಲ್ಲ; "ಈ ವಿಳಾಸ, ಈ ಪೋರ್ಟಿನಿಂದ ಬಂದದ್ದು ಮಾತ್ರ ನನಗೆ ಕೊಡು" ಅಂತ ಕರ್ನೆಲ್ಲಿಗೆ ಹೇಳುತ್ತೆ. ಕರ್ನೆಲ್ ಹೇಳಿದ ಹಾಗೇ ಕೇಳಿತು.

ಪೆಟ್ಟಿಗೆಯದು ತಪ್ಪು ಅನ್ನೋಣವೇ? 1980ರ ಯುಡಿಪಿ ನಿಯಮದಲ್ಲಿ ಕಳಿಸುವವರ ಪೋರ್ಟ್ ಬರೆಯೋದೇ ಐಚ್ಛಿಕ. ಟಿಎಫ್‌ಟಿಪಿಯಂತೂ ಕೋರಿಕೆಯನ್ನು 69ರಲ್ಲಿ ತೆಗೆದುಕೊಂಡು, ಉತ್ತರವನ್ನು ಹೊಸದೊಂದು ಪೋರ್ಟಿನಿಂದ ಕೊಡುತ್ತೆ. ಅದರ ನಿಯಮವೇ ಹಾಗೆ.

ಕನೆಕ್ಟ್ ತೆಗೆದು ಬರೀ ಸೆಂಡ್‌ಟು, ರಿಸೀವ್‌ಫ್ರಮ್ ಹಾಕಿದೆ. ಪಟಪಟನೆ ಉತ್ತರ ಬಂತು. ಆದರೆ ಬಾಗಿಲು ತೆರೆದಿಟ್ಟ ಮೇಲೆ ಬಂದವರು ಯಾರು ಅಂತ ನಾವೇ ನೋಡಬೇಕಲ್ಲ? ಹಾಗಾಗಿ ಕಳಿಸಿದವರ ಐಪಿ ವಿಳಾಸ, ಪ್ರಶ್ನೆಯ ಜೊತೆ ಹೋದ ಕ್ರಮಸಂಖ್ಯೆ ಎರಡನ್ನೂ ಹೋಲಿಸುವ ಹಾಗೆ ಮಾಡಿದೆ. ಇಷ್ಟಾದರೂ ಉತ್ತರ ಬರದಿದ್ದರೆ ಮಧ್ಯದ ಫೈರ್‌ವಾಲ್ ನೋಡಿ. ನಾವು ಕಳಿಸಿದ ಪೋರ್ಟಿನಿಂದಲೇ ಬಂದರೆ ಮಾತ್ರ ಅದೂ ಉತ್ತರ ಅಂತ ಒಪ್ಪುವುದು.

ಬೆಳಿಗ್ಗೆ ಎದ್ದು ಮೊದಲು ಆ ಹುಡುಗನಿಗೆ ಫೋನ್ ಮಾಡಿದೆ. "ತಪ್ಪು ನಂದೇ ಕಣಪ್ಪ. ಪೆಟ್ಟಿಗೆ ಮೊದಲಿಂದಲೂ ಉತ್ತರ ಕೊಡ್ತಾನೇ ಇತ್ತು."

"ಅದನ್ನೇ ಅಲ್ವಾ ಸಾರ್ ನಾನೂ ಹೇಳಿದ್ದು" ಅಂದ.

ಹೌದು, ಅವತ್ತು ಉತ್ತರ ಎರಡು ಕಡೆಯಿಂದ ಬಂದಿತ್ತು. ನಾನು ಎರಡನ್ನೂ ಕೇಳಿಸಿಕೊಂಡಿರಲಿಲ್ಲ.

ನಿಮಗೂ ಇಂಥದ್ದೇನಾದ್ರೂ ಆಗಿದ್ದರೆ ಬರೀರಿ, ನನಗೂ ಸ್ವಲ್ಪ ಸಮಾಧಾನ ಆದೀತು!