ಹೇಳಿದ್ದು ಬೇರೆ, ಕಾಣಿಸಿದ್ದು ಬೇರೆ

ಕೊಯಮತ್ತೂರಿನ ಕಡೆ ಎಂದರೆ ನಮ್ಮವರಿಗೆ ಮೊದಲು ನೆನಪಾಗುವುದು ಬಟ್ಟೆ ವ್ಯಾಪಾರ. ಬನಿಯನ್, ಟೀ ಶರ್ಟ್ ಅಂದರೆ ತಿರುಪ್ಪೂರು. 2009ರಲ್ಲಿ ಬೇರೆ ಜಿಲ್ಲೆ ಆಗುವ ತನಕ ತಿರುಪ್ಪೂರು ಪೇಟೆ ಕೂಡ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಆದರೆ ಕೊಯಮತ್ತೂರಿಗೆ ಇನ್ನೊಂದು ಮುಖ ಇದೆ. ನೀರಿನ ಪಂಪು, ಮೋಟಾರು, ಎರಕದ ಕೆಲಸ, ಲೇತ್ ವರ್ಕ್‌ಶಾಪು. ಪೀಳಮೇಡು, ಗಣಪತಿ, ಕುರಿಚ್ಚಿ ಕಡೆ ಹೋದರೆ ಕಬ್ಬಿಣ ಕೊರೆಯುವ ಸದ್ದು ಕೇಳುತ್ತದೆ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ ನನ್ನಂಥವರಿಗೆ ಅನ್ನ ಇರುವುದು ಅಲ್ಲಿ.

ಈಗಿನ ಯಂತ್ರಗಳು ನಡೆಯುವುದು ಬರವಣಿಗೆಯಿಂದ. ಯಾವ ಟೂಲು ಹಿಡಿಯಬೇಕು, ಎಲ್ಲಿಗೆ ಹೋಗಬೇಕು, ಎಷ್ಟು ವೇಗದಲ್ಲಿ ಕೊರೆಯಬೇಕು ಎಂದು ಸಾಲು ಸಾಲಾಗಿ ಬರೆದು ಕೊಡಬೇಕು. ಇದಕ್ಕೆ ಜಿ ಕೋಡ್ ಎನ್ನುತ್ತಾರೆ. ಅದರಲ್ಲಿ ಜಿ43 ಎಂಬ ಒಂದು ಆಜ್ಞೆ ಇದೆ. ಟೂಲು ಬದಲಿಸಿದ ಮೇಲೆ ಈ ಹೊಸ ಟೂಲಿನ ಉದ್ದ ಇಷ್ಟು ಎಂದು ಯಂತ್ರಕ್ಕೆ ತಿಳಿಸುವ ಸಾಲು ಅದು. ಅದು ಬಿಟ್ಟುಹೋದರೆ ಯಂತ್ರಕ್ಕೆ ಟೂಲು ಎಲ್ಲಿ ಮುಗಿಯುತ್ತದೆ ಎಂಬ ಲೆಕ್ಕ ತಪ್ಪುತ್ತದೆ. ಉದ್ದದ ಡ್ರಿಲ್ ನೇರವಾಗಿ ಕಬ್ಬಿಣಕ್ಕೆ ಹೋಗಿ ಗುದ್ದಬಹುದು.

ನಾನು ಕೆಲಸ ಮಾಡುತ್ತಿದ್ದ ಒಂದು ವರ್ಕ್‌ಶಾಪಿನಲ್ಲಿ ಇದೇ ಆಯಿತು. ಡ್ರಿಲ್ ಮುರಿಯಿತು, ಪಂಪಿನ ಎರಕ ಒಂದು ಗುಜರಿಗೆ ಹೋಯಿತು. ಪ್ರೋಗ್ರಾಮ್ ಬರೆದವನು ಐಟಿಐ ಮುಗಿಸಿ ಬಂದ ಇಪ್ಪತ್ತರ ಹುಡುಗ. ಅಲ್ಲಿ ಎಲ್ಲರೂ ವಿಮ್ ಎಂಬ ಎಡಿಟರ್‌ನಲ್ಲಿ ಬರೆಯುತ್ತಿದ್ದರು. ಹಿಂದೆ ಅಲ್ಲಿದ್ದ ಯಾರೋ ಅದಕ್ಕೆ ಒಂದು ಚಿಕ್ಕ ಸ್ಕ್ರಿಪ್ಟ್ ಸೇರಿಸಿದ್ದರು. ಒಂದು ಕೀ ಒತ್ತಿದರೆ ಅದು ಇಡೀ ಪ್ರೋಗ್ರಾಮ್ ಓದಿ, ಜಿ43 ಬಿಟ್ಟುಹೋಗಿದ್ದರೆ ಪರದೆಯ ಕೆಳಗೆ ಎಚ್ಚರಿಕೆ ತೋರಿಸಬೇಕು. ಸೂಪರ್‌ವೈಸರ್ ಮಾತು ಒಂದೇ: "ಎಚ್ಚರಿಕೆ ಬಂದಿರುತ್ತದೆ, ಇವನು ಮೊಬೈಲ್ ನೋಡುತ್ತಾ ಕೂತಿದ್ದಾನೆ." ಹುಡುಗನ ಮಾತೂ ಒಂದೇ: "ಒಣ್ಣುಮೇ ವರಲಣ್ಣಾ." ಏನೂ ಬರಲೇ ಇಲ್ಲ ಅಂತ. ಸಂಬಳದಿಂದ ದುಡ್ಡು ಕಡಿದರು.

ಸಂಜೆ ಶಿಫ್ಟ್ ಮುಗಿದ ಮೇಲೆ ನಾನು ಅದೇ ಪ್ರೋಗ್ರಾಮ್ ತೆರೆದು ಆ ಕೀ ಒತ್ತಿದೆ. ಎಚ್ಚರಿಕೆ ಸರಿಯಾಗಿ ಬಂತು. ಹಾಗಾದರೆ ಹುಡುಗ ಸುಳ್ಳು ಹೇಳುತ್ತಾನಾ? ಮರುದಿನ ಅವನನ್ನೇ ಕೂರಿಸಿ, ನೀನು ದಿನಾ ಹೇಗೆ ಮಾಡುತ್ತೀಯೋ ಹಾಗೆಯೇ ಮಾಡು ಎಂದೆ. ಅವನು ಪರದೆಯನ್ನು ಎರಡು ವಿಂಡೋ ಮಾಡಿಕೊಂಡ. ಎಡಗಡೆ ಹಳೆಯ ಪ್ರೋಗ್ರಾಮ್, ಬಲಗಡೆ ಹೊಸದು. ಹಳೆಯದನ್ನು ಪಕ್ಕದಲ್ಲಿಟ್ಟುಕೊಂಡೇ ಬರೆಯಬೇಕು ಎಂದು ಕಲಿಸಿದ್ದು ಸೂಪರ್‌ವೈಸರೇ. ಕೀ ಒತ್ತಿದ. ಪರದೆ ಒಮ್ಮೆ ಮಿನುಗಿತು, ಅಷ್ಟೇ. ಕೆಳಗಿನ ಸಾಲು ಖಾಲಿ.

ಕಾರಣ ಅರ್ಥವಾಗಲು ಒಂದು ಅಂಗಡಿಯನ್ನು ಯೋಚಿಸಿ. ನಾಲ್ಕು ಕೌಂಟರ್ ಇವೆ, ಆದರೆ ಬರೆಯಲು ಇರುವ ಸ್ಲೇಟು ಒಂದೇ. ಒಬ್ಬರು "ಸಕ್ಕರೆ ಮುಗಿದಿದೆ" ಎಂದು ಬರೆಯುತ್ತಾರೆ. ಯಾರೂ ಓದುವ ಮೊದಲೇ ಇನ್ನೊಬ್ಬರು ಬಂದು ಅಂಗಡಿ ಒರೆಸುವಾಗ ಸ್ಲೇಟನ್ನೂ ಒರೆಸಿಬಿಡುತ್ತಾರೆ. ವಿಮ್‌ನಲ್ಲಿ ಎಷ್ಟು ವಿಂಡೋ ತೆರೆದರೂ ಸಂದೇಶ ಬರುವುದು ತೀರಾ ಕೆಳಗಿನ ಒಂದೇ ಜಾಗದಲ್ಲಿ. ಸ್ಕ್ರಿಪ್ಟ್ ಮೊದಲು ಎಚ್ಚರಿಕೆ ಬರೆಯುತ್ತಿತ್ತು, ಆಮೇಲೆ ಬೇರೆ ವಿಂಡೋಗಳನ್ನು ಸರಿಮಾಡಲು ಹೋಗುತ್ತಿತ್ತು. ವಿಮ್ ಪ್ರತಿ ಆಜ್ಞೆಗೂ ಪರದೆ ಬಿಡಿಸುವುದಿಲ್ಲ, ಸಾಮಾನ್ಯವಾಗಿ ಸಾಲಾಗಿ ಕೊಟ್ಟ ಆಜ್ಞೆಗಳು ಮುಗಿದ ಮೇಲೆ ಒಟ್ಟಿಗೆ ಬಿಡಿಸುತ್ತದೆ. ಆಗ ಮೊದಲೇ ಬರೆದ ಸಂದೇಶ ಅಳಿಸಿಹೋಗಬಹುದು. ಈ ಸಂಗತಿ ವಿಮ್ ಜೊತೆಗೇ ಬರುವ ಸಹಾಯ ಪುಟಗಳಲ್ಲೂ ಇದೆ, ಪರಿಹಾರ ಸಮೇತ. ಒಂದೇ ವಿಂಡೋ ಇದ್ದಾಗ ಸರಿಮಾಡಲು ಬೇರೆ ವಿಂಡೋ ಇಲ್ಲ, ಹಾಗಾಗಿ ಸಂದೇಶ ಉಳಿಯುತ್ತಿತ್ತು.

ರಿಪೇರಿ ಮೂರು ಸಾಲಿನದು. ವಿಂಡೋಗಳ ಕೆಲಸ ಮೊದಲು, ನಂತರ ಪರದೆಯನ್ನು ಪೂರ್ತಿ ಬಿಡಿಸು, ಎಲ್ಲ ಆದ ಮೇಲೆ ಎಚ್ಚರಿಕೆ. ಎರಡನೆಯದು, ಬರೇ 'ಎಕೋ' ಎಂದು ಹೇಳುವ ಬದಲು 'ಎಕೋ ಮೆಸೇಜ್' ಮಾಡಿದೆ. ಮೊದಲನೆಯದು ತೋರಿಸಿ ಮರೆತುಬಿಡುತ್ತದೆ, ಎರಡನೆಯದು ದಾಖಲೆಯಲ್ಲಿ ಉಳಿಯುತ್ತದೆ, ಬೇಕೆಂದಾಗ ತೆಗೆದು ನೋಡಬಹುದು. ಮೂರನೆಯದು, ಪ್ರತಿ ವಿಂಡೋಗೂ ಅದರದ್ದೇ ಆದ ಸ್ಥಿತಿಪಟ್ಟಿ ಇರುತ್ತದೆ. ತಪ್ಪು ಎಷ್ಟಿದೆ ಎಂಬ ಸಂಖ್ಯೆಯನ್ನು ಅಲ್ಲಿಯೇ ಹಾಕಿದೆ. ತಿದ್ದುವ ತನಕ ಅದು ಹೋಗುವುದಿಲ್ಲ.

ವಿಮ್ ಬರೆದದ್ದು ನೆದರ್‌ಲ್ಯಾಂಡ್ಸ್‌ನ ಬ್ರಾಮ್ ಮೂಲೆನಾರ್. 1991ರಲ್ಲಿ ಜನರ ಕೈಗೆ ಕೊಟ್ಟರು, 2023ರ ಆಗಸ್ಟ್‌ನಲ್ಲಿ ತೀರಿಕೊಂಡರು. ಅದಕ್ಕೆ ಬೆಲೆ ಇಡಲಿಲ್ಲ. ಬದಲಿಗೆ, ವಿಮ್ ತೆರೆದರೆ ಹಲವು ಸಲ ಮೊದಲ ಪರದೆಯಲ್ಲೇ ಉಗಾಂಡದ ಬಡ ಮಕ್ಕಳಿಗೆ ನೆರವಾಗಿ ಎಂಬ ಸಾಲು ಕಾಣುತ್ತದೆ. ಅವರು ಪ್ರತಿಯೊಂದು ರಿಪೇರಿಗೂ ಎರಡು ಭಾಗದ ಟಿಪ್ಪಣಿ ಬರೆಯುತ್ತಿದ್ದರು: ಸಮಸ್ಯೆ ಇದು, ಪರಿಹಾರ ಇದು. ನಾನೂ ಹಾಗೆಯೇ ವರ್ಕ್‌ಶಾಪಿನ ರಿಜಿಸ್ಟರ್‌ನಲ್ಲಿ ಬರೆದೆ. ಸಮಸ್ಯೆ: ಎರಡು ವಿಂಡೋ ಇದ್ದಾಗ ಎಚ್ಚರಿಕೆ ಕಾಣುವುದಿಲ್ಲ. ಪರಿಹಾರ: ಎಚ್ಚರಿಕೆಯನ್ನು ಕೊನೆಯಲ್ಲಿ ತೋರಿಸು. ಅಲ್ಲಿ ಹುಡುಗನ ಹೆಸರು ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ.

ಜಿ43 ಬಿಟ್ಟದ್ದು ಅವನೇ, ಅದನ್ನು ಅವನೂ ಅಲ್ಲಗಳೆಯಲಿಲ್ಲ. ಆದರೆ ಸಾಲು ಬಿಟ್ಟುಹೋಗುವುದು ಎಲ್ಲರಿಗೂ ಆಗುತ್ತದೆ ಎಂದೇ ಆ ಎಚ್ಚರಿಕೆ ಇಟ್ಟದ್ದು. ಅವನನ್ನು ಬೈದದ್ದು ಎಚ್ಚರಿಕೆಗೆ ಬೆಲೆ ಕೊಡಲಿಲ್ಲ ಎಂದು, ಅದು ಅವನು ಮಾಡದ ತಪ್ಪು.

ಸಲಾಂಗೆ ಉತ್ತರ ಹೇಳುವಾಗ ಸಲಾಂ ಹೇಳಿದವರಿಗೆ ಕೇಳಿಸುವ ಹಾಗೆ ಹೇಳಬೇಕು ಎಂದು ಮದ್ರಸದಲ್ಲಿ ಉಸ್ತಾದರು ಕಲಿಸಿದ್ದು ನಮಗೆಲ್ಲ ನೆನಪಿದೆ. ಬಾಯೊಳಗೆ ಗುನುಗಿದರೆ ಸಾಲದು. ಮನೆಯಲ್ಲೂ ಅಂಗಡಿಯಲ್ಲೂ "ನಾನು ಹೇಳಿದ್ದೆ" ಎಂಬ ಮಾತಿನಿಂದ ಎಷ್ಟು ಜಗಳ ಆಗುತ್ತದೆ! ಹೇಳಿದ್ದು ನಿಜವೇ ಇರಬಹುದು. ಅದು ತಲುಪಿತಾ ಎಂದು ನೋಡುವ ಹೊಣೆ ಹೇಳಿದವರ ಮೇಲೂ ಇದೆ. ಬಡಪಾಯಿ ಹುಡುಗ "ಬರಲೇ ಇಲ್ಲ" ಎಂದಾಗ, ಬೈಯುವ ಮೊದಲು ಅವನ ಪಕ್ಕದಲ್ಲಿ ಕೂತು ಅವನ ಪರದೆ ನೋಡುವುದು ಹತ್ತು ನಿಮಿಷದ ಕೆಲಸ.

ಸೂಪರ್‌ವೈಸರ್ ಎರಡು ವಿಂಡೋ ಹಾಕಿ ತಾವೇ ಒತ್ತಿ ನೋಡಿದರು, ಏನೂ ಹೇಳಲಿಲ್ಲ. ಕಡಿದ ದುಡ್ಡು ಮುಂದಿನ ಸಂಬಳದಲ್ಲಿ ವಾಪಸ್ ಬಂತು. ಹುಡುಗ ಈಗಲೂ ಎಡಗಡೆ ಹಳೆಯದು, ಬಲಗಡೆ ಹೊಸದು ಇಟ್ಟುಕೊಂಡೇ ಬರೆಯುತ್ತಾನೆ.